ಪಾಲಿಗೆ ಬಂದ ಚಿಕ್ಕ ಪೆಟ್ಟಿಗೆ

ಹಾಸನದ ನನ್ನ ಮನೆಗೆ ಬರುವವರೇ ಕಮ್ಮಿ. ಬಂದವರು ಮಾತ್ರ ತಪ್ಪದೆ ಕೇಳುವುದು ಊಟದ ಮೇಜಿನ ಮೇಲಿರುವ ಪೆಟ್ಟಿಗೆಯ ವಿಷಯ. ಊಟದ ಮೇಜು ಅನ್ನುವುದು ಹೆಸರಿಗೆ ಮಾತ್ರ. ಹೆಂಡತಿ ಹೋದ ಮೇಲೆ ನಾನು ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಉಣ್ಣುತ್ತೇನೆ. ಮೇಜಿನ ತುಂಬ ಸೋಲ್ಡರಿಂಗ್ ಐರನ್ನು, ಮಲ್ಟಿಮೀಟರು, ಸವೆದ ಟೂತ್‌ಬ್ರಷ್ಷು, ಸ್ಪಿರಿಟ್ಟಿನ ಬಾಟಲಿ, ನಡುವೆ ಆ ಪೆಟ್ಟಿಗೆ. "ಹಳೇ ರೇಡಿಯೋನಾ?" ಎಂದು ಕೇಳುತ್ತಾರೆ. ಮೊದಮೊದಲು ಅಲ್ಲ ಎಂದು ವಿವರಿಸಲು ಹೋಗುತ್ತಿದ್ದೆ. ಅರ್ಧ ದಾರಿಯಲ್ಲೇ ಅವರ ಕಣ್ಣು ಗೋಡೆ ಗಡಿಯಾರದ ಕಡೆ ಹೋಗುತ್ತಿತ್ತು. ಈಗ ಸುಮ್ಮನೆ ಹೂಂ ಅಂದುಬಿಡುತ್ತೇನೆ.

ಅದು ರೇಡಿಯೋ ಅಲ್ಲ, ವಾಲ್ವಿನ ಪ್ರೀ ಆಂಪ್ಲಿಫೈಯರು. ರೆಕಾರ್ಡಿನ ಗೆರೆಯಲ್ಲಿ ಓಡುವ ಮುಳ್ಳು ಎತ್ತಿಕೊಡುವ ಸದ್ದು ಬಹಳ ಸಣ್ಣದು. ಅದನ್ನು ಮೊದಲು ಹಿಡಿದು, ತಿದ್ದಿ, ಒಂದು ಮಟ್ಟಕ್ಕೆ ಬೆಳೆಸಿ ಮುಂದಕ್ಕೆ ಕಳಿಸುವುದು ಇದರ ಕೆಲಸ. ಮುಂದೆ ಅಂದರೆ ಇನ್ನೊಂದು ದೊಡ್ಡ ಪೆಟ್ಟಿಗೆಗೆ, ಪವರ್ ಆಂಪ್ಲಿಫೈಯರಿಗೆ. ಸ್ಪೀಕರನ್ನು ಅಲುಗಿಸುವ ಬಲ ಇರುವುದು ಅದರಲ್ಲಿ. ನಮ್ಮ ಸೆಟ್ಟಿನಲ್ಲಿ ಇನ್ನೂ ಒಂದು ಕಟ್ಟಳೆ ಇತ್ತು. ಚಿಕ್ಕ ಪೆಟ್ಟಿಗೆಗೆ ಸ್ವಂತ ಕರೆಂಟಿನ ವ್ಯವಸ್ಥೆಯೇ ಇಲ್ಲ. ದೊಡ್ಡದರಿಂದ ಹೆಬ್ಬೆರಳಿನಷ್ಟು ದಪ್ಪದ ವೈರೊಂದು ಬಂದು ಇದರ ಬೆನ್ನಿಗೆ ಕೂತರೆ ಮಾತ್ರ ಇದರ ವಾಲ್ವುಗಳು ಹೊತ್ತಿಕೊಳ್ಳುತ್ತವೆ. ಒಂದನ್ನು ಬಿಟ್ಟು ಇನ್ನೊಂದು ಬಾಯಿ ಬಿಡುವುದಿಲ್ಲ. ಚಿಕ್ಕದು ನನ್ನ ಹತ್ತಿರ ಇದೆ. ದೊಡ್ಡದು ಅರಕಲಗೂಡು ತಾಲ್ಲೂಕಿನ ನಮ್ಮೂರಿನಲ್ಲಿ, ಮಲ್ಲಿಪಟ್ಟಣದ ಹತ್ತಿರ, ಅಣ್ಣನ ಹತ್ತಿರ ಇದೆ.

ಹೀಗಾಗುವುದಕ್ಕೆ ಕಾರಣ ಅಪ್ಪ ಕೊಟ್ಟ ಎತ್ತುಗಳು. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದ. ಓಲಗ ಅಂದರೆ ಪ್ರಾಣ ಬಿಡುತ್ತಿದ್ದ. ಯಾರದೋ ಮದುವೆಗೆ ಹೋದರೆ ಹೆಣ್ಣು ಗಂಡು ಯಾರೆಂದು ನೋಡದೆ ಓಲಗದವರ ಮುಂದೆ ಕೂತುಬಿಡುತ್ತಿದ್ದ. ಸಕಲೇಶಪುರದ ಕಡೆ ಕಾಫಿ ತೋಟವೊಂದರ ಮ್ಯಾನೇಜರು ಊರು ಬಿಟ್ಟು ಹೊರಟಾಗ, ಅವರ ಬಂಗಲೆಯಲ್ಲಿದ್ದ ಈ ಸೆಟ್ಟನ್ನು ಅಪ್ಪ ಒಂದು ಜೊತೆ ಎತ್ತಿನ ಬದಲಿಗೆ ತಂದ. ಎರಡು ಪೆಟ್ಟಿಗೆ, ಎರಡು ಸ್ಪೀಕರು, ರೆಕಾರ್ಡು ತಿರುಗಿಸುವ ಪ್ಲೇಯರು, ಒಂದಷ್ಟು ರೆಕಾರ್ಡು. ಊರಿನವರು "ಎತ್ತು ಕೊಟ್ಟು ಓಲಗ ತಂದವ್ನೆ" ಎಂದು ಆಡಿಕೊಂಡರು. ಆ ಸಲದ ಉಳುಮೆಗೆ ಅಪ್ಪ ಅವರಿವರ ಮನೆ ಬಾಗಿಲಿಗೆ ಹೋಗಿ ಎತ್ತು ಕೇಳಬೇಕಾಯಿತು. ಕೇಳಿ ತಂದ, ಉತ್ತ, ಸಂಜೆ ಕೈಕಾಲು ತೊಳೆದು ಬಂದು ರೆಕಾರ್ಡು ಹಾಕಿದ. ನಾವಿಬ್ಬರೂ ಅವನ ಎರಡು ಪಕ್ಕದಲ್ಲಿ ಕೂರುತ್ತಿದ್ದೆವು. ರೆಕಾರ್ಡು ಮುಟ್ಟುವ ಹಕ್ಕು ಅಣ್ಣನದು, ಗುಂಡಿ ತಿರುಗಿಸುವ ಹಕ್ಕು ನನ್ನದು. ನಾನು ಓದಿ ಟೆಲಿಫೋನ್ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ್ದು ಆ ಗುಂಡಿಗಳ ಹಿಂದೆ ಏನಿದೆ ಎಂಬ ಹುಚ್ಚಿನಿಂದಲೇ ಇರಬೇಕು.

ಅಪ್ಪ ತೀರಿಕೊಂಡ ಮೇಲೆ ಪಾಲು ಆಯಿತು. ಹಿರೀಕರು ಜಗಲಿಯ ಮೇಲೆ ಕೂತರು. ಜಮೀನು, ಸೊಪ್ಪು ಬೇಯಿಸುವ ಬ್ಯಾರನ್ನು, ದನ, ತಾಮ್ರದ ಹಂಡೆ, ಎಲ್ಲ ಗಲಾಟೆಯಿಲ್ಲದೆ ಮುಗಿದು ಕೊನೆಗೆ ಸೆಟ್ಟಿನ ಸರದಿ ಬಂತು. ಅವರಲ್ಲಿ ದೊಡ್ಡವರು ಎದ್ದು ಒಳಗೆ ಹೋಗಿ ನೋಡಿಕೊಂಡು ಬಂದರು.

"ಎರಡು ಪೆಟ್ಗೆ ಅವೆ, ಇಬ್ರು ಗಂಡ್ಮಕ್ಳವ್ರೆ. ಒಬ್ಬೊಬ್ರಿಗೆ ಒಂದೊಂದು. ಸದ್ದು ಬರೋ ಡಬ್ಬಾನೂ ಎರಡವೆ, ಅವೂ ಒಂದೊಂದು. ಇದ್ರಾಗೆ ಇನ್ನೇನದೆ?" ಅಂದರು.

ಅವರನ್ನು ಬೈಯಲಾರೆ. ಎತ್ತಿನ ಜೋಡಿಯನ್ನೂ ಅವರು ಹಾಗೇ ಪಾಲು ಮಾಡುತ್ತಿದ್ದರು, ಒಬ್ಬನಿಗೊಂದು ಎತ್ತು. ಉಳುವ ಕಾಲ ಬಂದಾಗ ಒಂಟಿ ಎತ್ತಿನವರಿಬ್ಬರೂ ಸೇರಿ ಜೋಡಿ ಕಟ್ಟಿಕೊಂಡು ಒಂದು ದಿನ ಇವನ ಹೊಲ, ಒಂದು ದಿನ ಅವನ ಹೊಲ ಉಳುತ್ತಿದ್ದರು. ಬೇರೆಯಾದ ಅಣ್ಣತಮ್ಮಂದಿರು ಮತ್ತೆ ಮಾತಾಡುತ್ತಿದ್ದದ್ದೇ ಆ ಎತ್ತಿನ ನೆಪದಲ್ಲಿ. ಅಪ್ಪ ಜೊತೆ ಎತ್ತು ಕೊಟ್ಟು ಜೊತೆ ಪೆಟ್ಟಿಗೆ ತಂದಿದ್ದ. ಅವರ ಲೆಕ್ಕ ಅವರಿಗೆ ಸರಿಯಾಗಿತ್ತು.

"ಯಾರಾರ ಏನಾರ ಮಾತಿದ್ರೆ ಈಗ್ಲೇ ಏಳ್ಬುಡಿ" ಅಂದರು.

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇವೆರಡೂ ಸೇರಿದರೆ ಮಾತ್ರ ಒಂದು ವಸ್ತು ಎಂದು ಆ ಜಗಲಿಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಆದರೆ ಹಾಗೆಂದು ಬಾಯಿ ಬಿಟ್ಟವನು ಎರಡನ್ನೂ ತನಗೇ ಕೇಳಿದಂತಾಗುತ್ತಿತ್ತು. ಪಾಲಿನ ದಿನ ಹಾಗೆ ಕೇಳಿದವನನ್ನು ನಮ್ಮ ಕಡೆ ಸುಮ್ಮನೆ ಬಿಡುವುದಿಲ್ಲ, ಅವನ ಮೊಮ್ಮಕ್ಕಳ ಕಾಲಕ್ಕೂ ಆಡಿಕೊಳ್ಳುತ್ತಾರೆ. ಅಣ್ಣ "ಏನಿಲ್ಲ" ಅಂದ. ನಾನೂ ಏನಿಲ್ಲ ಅಂದೆ. ಒಳಗೆ ಹೋಗಿ ಆ ದಪ್ಪ ವೈರನ್ನು ಬಿಚ್ಚಿದೆ. ಪ್ಲೇಯರು ಅಣ್ಣನ ಕಡೆ ಉಳಿಯಿತು. ನಾನು ಚಿಕ್ಕ ಪೆಟ್ಟಿಗೆಯನ್ನೂ ಒಂಟಿ ಸ್ಪೀಕರನ್ನೂ ಹೊತ್ತುಕೊಂಡು ಹಾಸನಕ್ಕೆ ಬಂದೆ.

ಆಮೇಲೆ ನಮ್ಮ ನಡುವೆ ಜಗಳವೇನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು, ಜಗಳಕ್ಕೆ ರಾಜಿ ಅನ್ನುವುದೊಂದಿದೆ. ಅವನೇ ದೊಡ್ಡ ಪೆಟ್ಟಿಗೆ ತಂದು ಸೇರಿಸೋಣ ಅಂತ ಕೇಳಲಿ ಎಂದು ನಾನು ಕಾದೆ. ನಾನೇ ಚಿಕ್ಕದನ್ನು ಹಿಡಿದುಕೊಂಡು ಹೋಗಲಿ ಎಂದು ಅವನು ಕಾದಿರಬೇಕು. ಮದುವೆ ಮುಂಜಿಗಳಲ್ಲಿ ಸಿಕ್ಕರೆ ಮಳೆಯ ವಿಷಯ, ಶುಂಠಿಯ ವಿಷಯ ಮಾತಾಡುತ್ತಿದ್ದೆವು. ಬರಬರುತ್ತಾ ಅದೂ ನಿಂತಿತು. ಸುದ್ದಿ ಏನಿದ್ದರೂ ಚನ್ನರಾಯಪಟ್ಟಣದಲ್ಲಿರುವ ಅಕ್ಕನ ಮೂಲಕ. ನಮ್ಮಿಬ್ಬರಿಗೂ ದೊಡ್ಡವಳಾದ ಅವಳೇ ನಮ್ಮ ನಡುವಿನ ಟೆಲಿಫೋನ್ ಎಕ್ಸ್‌ಚೇಂಜು. "ಒಂದ್ಸಲ ಹೋಗಿ ಸೇರಿಸಿಕೊಂಡು ಕೇಳಿ ಬನ್ನಿ, ನಿಮ್ಮ ಗಂಟೇನು ಹೋಗ್ತದೆ?" ಎಂದು ನನ್ನ ಹೆಂಡತಿ ಹೇಳುತ್ತಲೇ ಇದ್ದಳು. ಹೋಗೋಣ ಅನ್ನುತ್ತಲೇ ಇದ್ದೆ.

ಅವಳ ತಿಥಿಗೆ ಅಣ್ಣ ಬಂದ. ಜನರ ನಡುವೆ ಅವನ ಬಿಳಿ ತಲೆ ಕಂಡಾಗ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬಡಿಸುವುದನ್ನು ಬೇರೆಯವರಿಗೆ ಬಿಟ್ಟು ಅವನ ಎಲೆಯ ಪಕ್ಕ ಬಂದು ನಿಂತೆ. "ಇವತ್ತು ಇಲ್ಲೇ ಇದ್ದು ನಾಳೆ ಹೋಗು" ಅಂದೆ. ಅವನು ತಲೆ ಎತ್ತಲಿಲ್ಲ, ಅನ್ನ ಕಲಸುತ್ತಲೇ ಇದ್ದ. ಊಟ ಮುಗಿಸಿ ಕೈ ತೊಳೆದು, ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ಒಮ್ಮೆ ನೋಡಿ, ನನ್ನ ಭುಜ ತಟ್ಟಿ ಹೊರಟೇಬಿಟ್ಟ. ಎಲ್ಲರೂ ಹೋದ ಮೇಲೆ ಅತ್ತೆ. ಅತ್ತದ್ದು ಹೆಂಡತಿಗಾಗಿ ಎಷ್ಟು, ಅವನಿಗಾಗಿ ಎಷ್ಟು ಎಂದು ಹೇಳಲಾರೆ. ಅಳು ನಿಂತ ಮೇಲೆ ಸಿಟ್ಟು ಬಂತು. ಅವನ ದೊಡ್ಡ ಪೆಟ್ಟಿಗೆಯ ಹಂಗಿಲ್ಲದೆ ಇದನ್ನು ಹೊತ್ತಿಸುತ್ತೇನೆ ಎಂದು ಹಟ ತೊಟ್ಟೆ.

ಅದಕ್ಕೆ ಬೇಕಾಗಿದ್ದದ್ದು ಬೇರೊಂದು ಟ್ರಾನ್ಸ್‌ಫಾರ್ಮರು. ಈ ಕಾಲದಲ್ಲಿ ಇಂಥದ್ದನ್ನು ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಹೊಳೆನರಸೀಪುರದಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ಕಾಯಿಲ್ ಸುತ್ತುವವನೊಬ್ಬನಿದ್ದಾನೆ ಎಂದು ಕೇಳಿ ಬಸ್ಸು ಹತ್ತಿದೆ. ಮೊಸಳೆ ಎಂಬ ಊರಿನ ಹತ್ತಿರ ಬಸ್ಸು ಕೆಟ್ಟು ನಿಂತು, ಇನ್ನೊಂದು ಬಸ್ಸು ಹತ್ತಿ, ಅಂತೂ ಹೋಗಿ ಸೇರಿದೆ. ನಾನು ಬರೆದುಕೊಂಡು ಹೋಗಿದ್ದ ಚೀಟಿಯನ್ನು ಅವನು ತಿರುವಿ ಮುರುವಿ ನೋಡಿದ.

"ಇದು ಯಾವ್ ಮೋಟ್ರಿಂದು ಸಾ?"

"ಮೋಟರಲ್ಲ. ಹಾಡು ಕೇಳೋ ಪೆಟ್ಟಿಗೆಗೆ."

"ಆಡು ಫೋನಾಗೇ ಬತ್ತದಲ್ಲ ಸಾ?"

ಬರುತ್ತದೆ ಎಂದು ಒಪ್ಪಿಕೊಂಡೆ. ಅವನು ಇನ್ನೇನೂ ಕೇಳದೆ "ಅಂಗಾರೆ ಸುತ್ತಾನ ಬುಡಿ" ಅಂದ. ಸುತ್ತಿಕೊಟ್ಟದ್ದು ಬೋರ್‌ವೆಲ್ಲಿನಿಂದ ನೀರೆತ್ತುವಷ್ಟು ಗಟ್ಟಿಯಾಗಿತ್ತು. ತೂಕ ನನ್ನ ಪ್ರೀ ಆಂಪ್ಲಿಫೈಯರಿಗಿಂತ ಹೆಚ್ಚು. ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಬರುವಾಗ ಚೀಲದ ಹಿಡಿ ಕಿತ್ತುಹೋಯಿತು.

ಪೆಟ್ಟಿಗೆಯ ತಳ ಬಿಚ್ಚಿದೆ. ಹಳೆಯ ಕಂಡೆನ್ಸರುಗಳಿಂದ ಮೇಣ ಇಳಿದು ಧೂಳಿನ ಜೊತೆ ಗಟ್ಟಿಯಾಗಿತ್ತು. ಒಂದೊಂದಾಗಿ ಕಿತ್ತು ಹೊಸದು ಹಾಕಿದೆ. ಅಳತೆ ತಪ್ಪಿದ್ದ ರೆಸಿಸ್ಟರುಗಳನ್ನು ಬದಲಾಯಿಸಿದೆ. ವಾಲ್ವು ಕೂರುವ ಸಾಕೆಟ್ಟುಗಳನ್ನು ಟೂತ್‌ಬ್ರಷ್ಷಿನಿಂದ ಉಜ್ಜಿದೆ. ಇದರೊಳಗೆ ಓಡುವ ಕರೆಂಟು ಮನೆಯ ಕರೆಂಟಿಗಿಂತ ಜೋರು, ತಪ್ಪಿ ಎರಡು ಕೈಗೂ ತಗುಲಿದರೆ ಎದೆಯ ಮೂಲಕ ಹಾದುಹೋಗುತ್ತದೆ. ಅದಕ್ಕೇ ವಾಲ್ವಿನ ಕೆಲಸದವರು ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು ಬಲಗೈಯೊಂದರಲ್ಲೇ ಅಳೆಯುತ್ತಾರೆ. ನನಗೆ ಈ ಅಭ್ಯಾಸ ಎಷ್ಟು ಅಂಟಿಕೊಂಡಿದೆಯೆಂದರೆ ಬ್ಯಾಂಕಿನಲ್ಲಿ ಸಹಿ ಹಾಕುವಾಗಲೂ ಎಡಗೈ ಜೇಬಿಗೆ ಹೋಗುತ್ತದೆ. ದಪ್ಪ ವೈರು ಕೂರುವ ಹಳೆಯ ಸಾಕೆಟ್ಟನ್ನು ಮಾತ್ರ ಕೀಳಲಿಲ್ಲ. ಹೊಸ ಕರೆಂಟೂ ಅದೇ ದಾರಿಯಲ್ಲಿ ಬರುವ ಹಾಗೆ ಮಾಡಿದೆ. ಯಾಕೆ ಎಂದು ನನ್ನನ್ನೇ ಕೇಳಿಕೊಳ್ಳಲಿಲ್ಲ.

ಮೊದಲ ಸಲ ಸ್ವಿಚ್ಚು ಹಾಕಿದಾಗ ವಾಲ್ವುಗಳು ಒಳಗೊಳಗೇ ಕೆಂಡದ ಬಣ್ಣಕ್ಕೆ ತಿರುಗಿದವು. "ನೋಡೇ ಇಲ್ಲಿ" ಎಂದು ಕೂಗಿದೆ. ಕೂಗಿದ ಮೇಲೆ ಮನೆಯಲ್ಲಿ ಯಾರೂ ಇಲ್ಲ ಎಂಬುದು ನೆನಪಾಯಿತು. ಕುಕ್ಕರಿನ ಸೀಟಿಯಾದರೂ ಬರಬಾರದೇ ಅನ್ನಿಸಿತು. ಸ್ವಿಚ್ಚು ಆರಿಸಿ ಸ್ವಲ್ಪ ಹೊತ್ತು ಹೊರಗಡೆ ಗೇಟಿನ ಹತ್ತಿರ ನಿಂತಿದ್ದೆ.

ಪವರ್ ಆಂಪ್ಲಿಫೈಯರು ಇನ್ನೊಂದನ್ನು ತರಬಹುದಿತ್ತು. ತರಲಿಲ್ಲ. ತಂದರೆ ಅಣ್ಣನ ಮನೆಯಲ್ಲಿರುವುದು ಇನ್ನು ಬೇಡ ಎಂದು ನಾನೇ ಒಪ್ಪಿಕೊಂಡಂತಾಗುತ್ತಿತ್ತು. ಅದರ ಬದಲು ಇನ್ನೊಂದು ವಾಲ್ವು ಸೇರಿಸಿ, ಹೆಡ್‌ಫೋನ್ ಸಿಕ್ಕಿಸುವುದಕ್ಕೆ ಮುಂದೊಂದು ತೂತು ಕೊರೆದೆ. ಮೊಬೈಲಿನಿಂದ ಹಾಡು ಬಿಟ್ಟು, ಪ್ರೀ ಆಂಪ್ಲಿಫೈಯರಿನಲ್ಲಿ ಹಾಯಿಸಿ, ಕಿವಿಗೆ ಹಾಕಿಕೊಂಡು ಕೂತೆ. ಹೊಳೆನರಸೀಪುರದವನು ಕೇಳಿದ್ದರೆ ಏನನ್ನುತ್ತಿದ್ದನೋ.

ಹೆಡ್‌ಫೋನಿನಲ್ಲಿ ಒಂದು ತೊಂದರೆಯಿದೆ. ನಾಲ್ಕು ಜನರ ಮನೆಯಲ್ಲಿ ಯಾರಿಗೂ ಕೇಳಿಸದ ಸದ್ದು ಅಲ್ಲಿ ಕೇಳುತ್ತದೆ. ನನಗೆ ಕೇಳಿಸಿದ್ದು ಗುಂಯ್ ಎನ್ನುವ ಒಂದೇ ಶ್ರುತಿಯ ಮೊರೆತ. ಕರೆಂಟಿನಿಂದ ಬರುವ ಈ ಮೊರೆತ ವಾಲ್ವಿನ ಸೆಟ್ಟುಗಳಿಗೆ ಹುಟ್ಟಿನಿಂದ ಬಂದ ರೋಗ. ಅದನ್ನು ಓಡಿಸುವುದೇ ನನ್ನ ದಿನಚರಿಯಾಯಿತು. ವೈರುಗಳನ್ನು ಹೆಣೆದೆ, ಅರ್ತಿಂಗ್ ಕೊಡುವ ಜಾಗ ಬದಲಾಯಿಸಿದೆ, ಟ್ರಾನ್ಸ್‌ಫಾರ್ಮರನ್ನು ಮೇಜಿನ ಕೆಳಗೆ ದೂರ ಇಟ್ಟೆ. ಕಮ್ಮಿಯಾಯಿತು, ಹೋಗಲಿಲ್ಲ. ಕೊನೆಗೆ ವಾಲ್ವಿನಿಂದ ವಾಲ್ವಿಗೆ ಸದ್ದು ದಾಟಿಸುವ ಕಂಡೆನ್ಸರುಗಳನ್ನು ತೆಗೆದು ಚಿಕ್ಕವನ್ನು ಹಾಕಿದೆ. ಚಿಕ್ಕವು ತೀರ ಕೆಳಗಿನ ಸದ್ದನ್ನು ದಾಟಗೊಡುವುದಿಲ್ಲ. ಗುಂಯ್ ನಿಂತಿತು. ಅದರ ಜೊತೆ ಚರ್ಮವಾದ್ಯಗಳ ಗುಮ್ ಎನ್ನುವ ಆಳದ ಸದ್ದೂ ಒಂದಷ್ಟು ಹೋಯಿತು, ಹೋದರೆ ಹೋಗಲಿ ಅಂದುಕೊಂಡೆ. ಆ ನಿಶ್ಶಬ್ದದಲ್ಲಿ ಕೂತು ಕೇಳುವಾಗ ಗೆದ್ದೆ ಅನ್ನಿಸುತ್ತಿತ್ತು. ಹೆಡ್‌ಫೋನು ತೆಗೆದರೆ ಮನೆಯೂ ಅಷ್ಟೇ ನಿಶ್ಶಬ್ದವಾಗಿರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು.

"ಲೇ, ಅವ್ನು ಆ ದೊಡ್ಡ ಪೆಟ್ಗೆನ ಗುಜ್ರಿಯವ್ನಿಗೆ ಕೊಡ್ತಾನಂತೆ ಕಣ್ಲಾ. ಅವ್ನೆಂಡ್ತಿ ಏಳುದ್ಲು."

"ಯಾಕಂತೆ?"

"ಇಟ್ಕಂಡು ಏನ್ ಮಾಡ್ಲಿ ಅಂತಾನಂತೆ. ಅವ್ನು ಫೋನಿಗೇ ಬರಕ್ಕಿಲ್ಲ, ನಾ ಯಾರ್‌ನ ಕೇಳ್ಲಿ? ನಿಮ್ಮಿಬ್ರು ಮದ್ಯೆ ಸುದ್ದಿ ಒತ್ತೂ ಒತ್ತೂ ನಂಗೆ ಸಾಕಾಗದೆ. ಬೇಕಿದ್ರೆ ಓಗಿ ತಗಂಡ್ಬಾ, ಇಲ್ದಿದ್ರೆ ಬುಡು."

ಫೋನಿಟ್ಟೆ. ಇಷ್ಟು ವರ್ಷ ನಾವು ಕೂಡಿಸದಿದ್ದರೂ ಕೂಡಿಸಬಹುದು ಎಂಬುದೊಂದು ಇತ್ತು. ಗುಜರಿಯವನು ತಾಮ್ರಕ್ಕಾಗಿ ಆ ಪೆಟ್ಟಿಗೆಯನ್ನು ಒಡೆದರೆ ಅದೂ ಮುಗಿಯಿತು. ಆಮೇಲೆ ನನ್ನ ಹತ್ತಿರ ಇರುವುದು ನಿಜವಾಗಿಯೂ ಹಳೇ ರೇಡಿಯೋ. ಪ್ರೀ ಆಂಪ್ಲಿಫೈಯರನ್ನು ಹೊದಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಅರಕಲಗೂಡಿನ ಬಸ್ಸು ಹತ್ತಿದೆ.

ಕಂಡಕ್ಟರು ಲಗೇಜು ಮೇಲಿಡಿ ಅಂದ. ಇಡುವುದಿಲ್ಲ ಅಂದೆ. ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಅಣ್ಣನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿದೆ. ಅಪ್ಪನ ಎತ್ತನ್ನು ಗುಜರಿಗೆ ಹಾಕ್ತೀಯಾ? ನನ್ನ ಹೆಂಡತಿಯ ತಿಥಿಯಲ್ಲಿ ಒಂದು ಮಾತೂ ಆಡದೆ ಎದ್ದು ಹೋದೆಯಲ್ಲ, ನಾನೇನು ಮಾಡಿದ್ದೆ? ಮಾತುಗಳು ಚೆನ್ನಾಗಿ ಕ್ರಮವಾಗಿ ಬಂದವು. ಅರಕಲಗೂಡಿನಲ್ಲಿ ಇಳಿದು ಆಟೋ ಹಿಡಿಯುವಷ್ಟರಲ್ಲಿ ಎಲ್ಲ ಬಾಯಿಪಾಠವಾಗಿತ್ತು.

ಅಣ್ಣ ಮನೆಯ ಮುಂದೆ ನನಗೆ ಬೆನ್ನು ಮಾಡಿ ಕೂತು ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಿದ್ದ. "ಅಣ್ಣಾ" ಅಂದೆ. ತಿರುಗಲಿಲ್ಲ. ಹತ್ತಿರ ಹೋಗಿ ಇನ್ನೊಮ್ಮೆ ಕರೆದೆ. ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟ. ತಲೆ ಕೆಟ್ಟುಹೋಯಿತು. "ತಿರುಗಿಯಾದ್ರೂ ನೋಡೋ!" ಎಂದು ಕಿರುಚಿದೆ. ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಓಡಿಬಂದರು.

"ಮುಂದ್ಕೋಗಿ ನಿಂತ್ಕಳಿ. ಇಂದ್ಗಡೆಯಿಂದ ಕೂಗುದ್ರೆ ಅವ್ರಿಗೆ ಗೊತ್ತಾಗಕ್ಕಿಲ್ಲ."

ಯಾವಾಗಿನಿಂದ ಎಂದು ಕೇಳಿದೆ.

"ಸುಮಾರ್ ವರ್ಸಾತು" ಅಂದರು ಅತ್ತಿಗೆ. "ಮೊದ್ಲು ಒಂದ್ಕಿವಿ ಓಯ್ತು, ಆಮ್ಯಾಕೆ ಇನ್ನೊಂದು. ಡಾಕ್ಟ್ರು ಮಿಷನ್ ಕೊಟ್ಟಿದ್ರು, ಬರೀ ಗಲಾಟೆ ಅಂತ ಬಿಚ್ಚಿ ಮಡಗವ್ರೆ. ಯಾರ್ಗೂ ಏಳ್ಬ್ಯಾಡ ಅಂದವ್ರೆ, ಕಿವುಡ ಅನ್ಸ್ಕಳಕ್ಕೆ ಮನ್ಸಿಲ್ಲ."

ತಿಥಿಯ ದಿನ ಊಟದ ಎಲೆಯ ಪಕ್ಕದಲ್ಲಿ ನಿಂತು ನಾನು ಆಡಿದ ಮಾತು ಅವನಿಗೆ ಮುಟ್ಟಿಯೇ ಇರಲಿಲ್ಲ. ಆ ಸಿಟ್ಟಿನ ಮೇಲೆ ನಾನು ಟ್ರಾನ್ಸ್‌ಫಾರ್ಮರು ಸುತ್ತಿಸಿ, ಹಟ ಮಾಡಿ, ವರ್ಷಗಳನ್ನು ಕಳೆದಿದ್ದೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳೆಲ್ಲ ಹಾಗೇ ಉಳಿದವು. ಸುತ್ತಿಕೊಂಡು ಹೋಗಿ ಅವನ ಮುಂದೆ ನಿಂತೆ. ಅವನ ಮುಖ ಅರಳಿತು.

"ಯಾವಾಗ್ ಬಂದ್ಯಲಾ?" ಎಂದು ಊರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಕೇಳಿದ. ಚೀಲ ನೋಡಿದ. ನಾನು ಹೊದಿಕೆ ಬಿಡಿಸಿದೆ. ಹೊಗೆಸೊಪ್ಪಿನ ಅಂಟು ಹತ್ತಿದ ಬೆರಳನ್ನು ಪಂಚೆಗೆ ಒರೆಸಿಕೊಂಡು ಗುಂಡಿಯೊಂದನ್ನು ಮುಟ್ಟಿದ. ಅದು ನಾನು ತಿರುಗಿಸುತ್ತಿದ್ದ ಗುಂಡಿ, ಅವನಿಗೆ ಮುಟ್ಟಲು ಬಿಡುತ್ತಿರಲಿಲ್ಲ.

"ದೊಡ್ಡದು ಒಳಗದೆ, ಎತ್ಕೊಂಡೋಗು. ಡಬ್ಬಾನೂ ತಗ. ನಂಗಿನ್ಯಾಕೆ? ನಿಂಗಾರ ಕಿವಿ ಅವೆ."

ಅವನು ಅದನ್ನು ಬೇಸರದಿಂದ ಹೇಳಲಿಲ್ಲ. ಹಿತ್ತಲಲ್ಲಿ ಹೆಚ್ಚಾದ ಸೀಮೆಬದನೆಕಾಯಿ ಕೊಟ್ಟು ಕಳಿಸುವವರ ಹಾಗೆ ಹೇಳಿದ. ಪಾಲಿನ ದಿನದಿಂದ ಕೇಳಲಾರದೆ ನುಂಗಿಕೊಂಡದ್ದು ಕೇಳದೆಯೇ ಸಿಕ್ಕಿತು. ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ.

ದೊಡ್ಡ ಪೆಟ್ಟಿಗೆ ನಡುಮನೆಯ ಗೂಡಿನಲ್ಲಿ ಬಟ್ಟೆ ಹೊದ್ದುಕೊಂಡು ಕೂತಿತ್ತು. ಧೂಳಿರಲಿಲ್ಲ. ಆಯುಧಪೂಜೆಯ ಕುಂಕುಮ ಒಂದರ ಮೇಲೊಂದು ಕೂತು ಗಟ್ಟಿಯಾಗಿತ್ತು. ದಪ್ಪ ವೈರು ಪಕ್ಕದ ಮೊಳೆಯಲ್ಲಿತ್ತು. ಇಷ್ಟು ಕಾಲ ಮಲಗಿದ್ದ ಸೆಟ್ಟಿಗೆ ಒಮ್ಮೆಗೇ ಕರೆಂಟು ಕೊಡಬಾರದು, ಸುಟ್ಟುಹೋಗುತ್ತದೆ. ಅತ್ತಿಗೆಯ ಹತ್ತಿರ ಹಳೇ ಕಾಲದ ತಂತಿ ಬಲ್ಬೊಂದನ್ನು ಕೇಳಿ ಪಡೆದು, ಅದರ ಮೂಲಕ ಕರೆಂಟು ಹಾಯಿಸಿದೆ. ಬಲ್ಬು ಜೋರಾಗಿ ಹೊತ್ತಿ, ನಿಧಾನವಾಗಿ ಮಂಕಾಯಿತು. ಒಳಗೆ ಎಲ್ಲ ಸರಿಯಿದೆ ಎಂದು ಅದರ ಅರ್ಥ. ಬಲ್ಬು ತೆಗೆದು, ಎರಡೂ ಪೆಟ್ಟಿಗೆಗಳ ನಡುವೆ ಆ ವೈರು ಕೂರಿಸಿದೆ. ಅಣ್ಣ ತಾನಾಗಿಯೇ ಓಲಗದ ರೆಕಾರ್ಡು ತೆಗೆದು, ಅಂಚು ಹಿಡಿದು ಪ್ಲೇಯರಿನ ಮೇಲಿಟ್ಟ.

ಅವನ ಪಾಲಿನ ಒಂಟಿ ಸ್ಪೀಕರಿನಿಂದಲೇ ಬಂದರೂ ನಾಗಸ್ವರ ನಡುಮನೆಯ ತುಂಬ ನಿಂತಿತು. ಪಕ್ಕಕ್ಕೆ ತಿರುಗಿ ಹೇಗಿದೆ ಎಂದು ಕೇಳಹೊರಟವನಿಗೆ ಅವನ ಕಿವಿ ನೆನಪಾಯಿತು. ಅಣ್ಣ ಕೆಂಪಗಾದ ವಾಲ್ವುಗಳನ್ನು ನೋಡಿದ, ನನ್ನ ಕಣ್ಣುಗಳನ್ನು ನೋಡಿದ. ಆಮೇಲೆ ಬಂದು ಸ್ಪೀಕರಿನ ಪಕ್ಕ ಕೂತು ಅದರ ನೆತ್ತಿಯ ಮೇಲೆ ಅಂಗೈ ಊರಿದ. ಹುಬ್ಬು ಗಂಟಿಕ್ಕಿತು. ಕೈಯನ್ನು ಪಕ್ಕಕ್ಕೆ, ಮುಂದಿನ ಬಟ್ಟೆಯ ಮೇಲಕ್ಕೆ ಸರಿಸಿ ನೋಡಿದ.

"ಡೋಲು ಎಲ್ಲಲಾ?" ಅಂದ.

ಡೋಲು ಇತ್ತು, ಅದರ ಚಟಚಟ ಮಾತ್ರ ಇತ್ತು. ಕೈಗೆ ಮುಟ್ಟುವಂಥ ಗುಮ್ ಸದ್ದನ್ನು ನಾನೇ ಆ ಚಿಕ್ಕ ಕಂಡೆನ್ಸರುಗಳಿಂದ ತಡೆದಿದ್ದೆ. "ನಾನೇ ಕಮ್ಮಿ ಮಾಡಿದೀನಿ" ಎಂದು ಕೂಗಿದೆ. ಅವನು ನನ್ನ ತುಟಿಗಳನ್ನೇ ನೋಡಿದ, ಗೊತ್ತಾಗಲಿಲ್ಲ. "ಡೋಲಿಲ್ದೆ ಓದ್ರೆ ಓಲಗ ಏನ್ಲಾ ಅದು" ಅಂದು ಕೈ ತೆಗೆದುಕೊಂಡ.

ನಾನು ವೈರು ಬಿಚ್ಚಿ ಚಿಕ್ಕ ಪೆಟ್ಟಿಗೆಯನ್ನು ಮತ್ತೆ ಹೊದಿಕೆಯಲ್ಲಿ ಸುತ್ತಿದೆ. ಅವನು ದೊಡ್ಡದನ್ನು ಎತ್ತಿಕೊಂಡು ನಾನು ಕರೆಸಿದ್ದ ಆಟೋದ ಹತ್ತಿರ ಬಂದ. ಬೇಡವೆಂದು ತಲೆಯಾಡಿಸಿದೆ. ತಗೋ ಎಂದು ಮುಂದೆ ಚಾಚಿದ. ಮತ್ತೆ ಬೇಡವೆಂದೆ, ಸರಿಮಾಡಿಕೊಂಡು ಬರುತ್ತೇನೆ ಎಂದು ಕೈಯಲ್ಲಿ ಏನೇನೋ ತೋರಿಸಿದೆ. ಅವನಿಗೆ ಬೇಡ ಅನ್ನುವುದಷ್ಟೇ ಅರ್ಥವಾಯಿತು. "ಬ್ಯಾಡ್ವಾ?" ಎಂದು ಮುಖ ಚಿಕ್ಕದು ಮಾಡಿಕೊಂಡು ಆ ಭಾರವನ್ನು ಹಿಡಿದೇ ನಿಂತ. ಆಟೋ ಹೊರಟಿತು. ಅತ್ತಿಗೆಗೆ ಹೇಳಿದ್ದೆ, ಅವರು ಹೇಗೆ ತಿಳಿಸಿದರೋ, ತಿಳಿಸಿದರೋ ಇಲ್ಲವೋ ಎಂದು ಹಾಸನ ಮುಟ್ಟುವವರೆಗೂ ಅದೇ ಯೋಚನೆ.

ಮರುದಿನ ಬೆಳಿಗ್ಗೆಯೇ ತಳ ಬಿಚ್ಚಿ ಚಿಕ್ಕ ಕಂಡೆನ್ಸರುಗಳನ್ನು ಕಿತ್ತೆ. ಮೊದಲು ಇದ್ದಷ್ಟೇ ದೊಡ್ಡವನ್ನು ಹಾಕಿದೆ. ಸಾಲದು ಅನ್ನಿಸಿ ಇನ್ನೂ ದೊಡ್ಡವನ್ನು ಹಾಕಿದೆ. ಹೆಡ್‌ಫೋನು ಕಿವಿಗಿಟ್ಟರೆ ಗುಂಯ್ ವಾಪಸ್ಸು ಬಂದಿತ್ತು, ಮೊದಲಿಗಿಂತ ಕೊಬ್ಬಿ. ಅಷ್ಟು ದಿನ ಹೊಡೆದಾಡಿ ಓಡಿಸಿದ್ದನ್ನು ನನ್ನ ಕೈಯಾರೆ ಒಳಗೆ ಕರೆದಿದ್ದೆ. ತಳ ಮುಚ್ಚಿ ಸ್ಕ್ರೂ ಬಿಗಿಮಾಡಿದೆ. ಗೂಡ್ಸ್ ಆಟೋ ಮಾತಾಡಿ, ನನ್ನ ಪಾಲಿನ ಸ್ಪೀಕರನ್ನೂ ಹೇರಿಕೊಂಡು ಊರಿಗೆ ಹೊರಟೆ.

ಈ ಸಲ ಅಣ್ಣ ಏನೂ ಕೇಳಲಿಲ್ಲ. ನಾನು ವೈರು ಸೇರಿಸುವಷ್ಟರಲ್ಲಿ ಎರಡು ಸ್ಪೀಕರುಗಳನ್ನೂ ಹತ್ತಿರ ಹತ್ತಿರ ಎಳೆದು, ನಡುವೆ ಮಣೆ ಹಾಕಿಕೊಂಡು ಕೂತು, ಎಡಗೈ ಒಂದರ ಮೇಲೆ, ಬಲಗೈ ಇನ್ನೊಂದರ ಮೇಲೆ ಚಾಚಿದ. ರೆಕಾರ್ಡು ಹಾಕಿದೆ. ಡೋಲಿನ ಮೊದಲ ಪೆಟ್ಟಿಗೇ ಅವನ ಮೈ ನೆಟ್ಟಗಾಯಿತು.

"ಈಗ್ ಬಂತ್ ನೋಡ್ಲಾ!" ಅಂದ. ತಲೆ ತೂಗತೊಡಗಿದ. ಅದು ಅಪ್ಪ ತೂಗುತ್ತಿದ್ದ ರೀತಿ ಎಂದು ಅತ್ತಿಗೆ ಬಾಗಿಲಲ್ಲಿ ನಿಂತು ಹೇಳಿದರು.

ನನಗೆ ಕೇಳಿಸಿದ್ದು ಬೇರೆ. ಡೋಲು ನಾಗಸ್ವರದ ಮೇಲೆ ಬಿದ್ದು ಹೊರಳಾಡುತ್ತಿತ್ತು. ಎಲ್ಲ ಕಲಸಿಹೋಗಿತ್ತು, ಅಡಿಯಲ್ಲಿ ಆ ಮೊರೆತ. ಅಪ್ಪ ಕೇಳಿದ್ದರೆ ಎದ್ದು ಬಂದು ಆರಿಸುತ್ತಿದ್ದ. ಇದು ಸರಿಯಿಲ್ಲ ಎಂದು ಹೇಳಿಕೊಳ್ಳಲು, ಹೌದು ಸರಿಯಿಲ್ಲ ಅನ್ನಲು ಲೋಕದಲ್ಲಿ ನನಗಿದ್ದವನು ಇವನೊಬ್ಬನೇ. ಇವನು ಎರಡು ಕೈ ಚಾಚಿಕೊಂಡು ನಗುತ್ತಾ ಕೂತಿದ್ದ. ಪಕ್ಕದಲ್ಲೇ ಇದ್ದರೂ ಅಷ್ಟು ಒಂಟಿತನ ನನಗೆ ಹಾಸನದ ಮನೆಯಲ್ಲೂ ಆಗಿರಲಿಲ್ಲ.

ರೆಕಾರ್ಡಿನ ಒಂದು ಮಗ್ಗುಲು ಮುಗಿಯಿತು. ಮುಳ್ಳನ್ನು ಎತ್ತಿ ಪಕ್ಕಕ್ಕಿಟ್ಟೆ. ಅಣ್ಣ ಕೈ ತೆಗೆಯಲಿಲ್ಲ. ಮುಗೀತು ಎಂದು ಅವನ ಮುಖದ ಮುಂದೆ ಕೈಯಾಡಿಸಿ, ಆರಿಸಲು ಸ್ವಿಚ್ಚಿನ ಹತ್ತಿರ ಹೋದೆ.

"ಇಲ್ಲ ಕಣ್ಲಾ" ಅಂದ. ಕಣ್ಣು ಮುಚ್ಚಿಕೊಂಡ. "ಇನ್ನೂ ಬತ್ತಾ ಅದೆ. ನಿಂಗೆ ಕೇಳುಸ್ತಿಲ್ವಾ?"

ಬರುತ್ತಿದ್ದದ್ದು ಗುಂಯ್. ಸ್ವಿಚ್ಚಿನಿಂದ ಕೈ ಹಿಂದಕ್ಕೆ ತೆಗೆದೆ. ಅವನ ಎದುರಿಗೆ ಕೂತು, ಅವನ ಅಂಗೈ ಪಕ್ಕದಲ್ಲೇ ನನ್ನ ಅಂಗೈಯನ್ನೂ ಇಟ್ಟು, ಅವನು ಕಣ್ಣು ಬಿಡುವ ತನಕ ಕಾದು, ಕೇಳುಸ್ತದೆ ಎಂದು ತಲೆಯಾಡಿಸಿದೆ.